ಅರ್ಜಿಯಲ್ಲಿ ಮೊದಲು ಸರ್ವೆ ನಂಬರ್ ಬರೀರಪ್ಪ

ಕೋಲಾರದ ಕಡೆಯ ಒಂದು ಊರಿನವರು ಕಲ್ಯಾಣಿ ದುರಸ್ತಿಗೆ ಬರೆದ ಅನುದಾನದ ಅರ್ಜಿ ಈಗಷ್ಟೇ ಓದಿ ಮುಗಿಸಿದೆ. ಹನ್ನೊಂದು ಪುಟ ಸ್ಥಳಪುರಾಣ. ಕೊನೇ ಪುಟದಲ್ಲಿ ಒಂದು ಸಾಲು: ಜೀರ್ಣೋದ್ಧಾರಕ್ಕೆ 25 ಲಕ್ಷ. ಸರ್ವೆ ನಂಬರ್ ಎಲ್ಲೂ ಇಲ್ಲ. ಹೊಟ್ಟೆ ಉರಿಯುತ್ತೆ. ಕಲ್ಯಾಣಿ ಚೆನ್ನಾಗಿದೆ, ಊರವರ ಆಸೆಯಲ್ಲಿ ಕಲ್ಮಶವಿಲ್ಲ, ಆದರೂ ಈ ಅರ್ಜಿ ವಾಪಸ್ ಬಂದೇ ಬರುತ್ತೆ.

ದುಡ್ಡು ಕೊಡುವವರು ಮೊದಲು ಕೇಳೋದು ಈ ಜಾಗ ಯಾರದ್ದು ಅಂತ. ಅದಕ್ಕೆ ಉತ್ತರ ಪಹಣಿಯಲ್ಲಿದೆ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಏನು ಹಕ್ಕು, ಏನು ಋಣ ಇದೆ ನೋಡಿ. ಬಿ ಖರಾಬು ಅಂತಿದ್ದರೆ ಸಾರ್ವಜನಿಕ ಜಾಗ, ಪಂಚಾಯ್ತಿ ನಿರ್ಣಯದ ಜೊತೆ ಕಂದಾಯ ಇಲಾಖೆಯ ಒಪ್ಪಿಗೆಯೂ ಬೇಕು. ದೇವಸ್ಥಾನದ ಹೆಸರಿದ್ದು ಅದು ಮುಜರಾಯಿಗೆ ಸೇರಿದ್ದರೆ ಆ ಇಲಾಖೆಯ ಅನುಮತಿಯಿಲ್ಲದೆ ಒಂದು ಕಲ್ಲೂ ಅಲ್ಲಾಡಿಸೋ ಹಾಗಿಲ್ಲ. ಖಾಸಗಿಯವರ ಹೆಸರಿದ್ದರೆ ಅವರ ಲಿಖಿತ ಒಪ್ಪಿಗೆ ಬೇಕು. ಬಾಯಿಮಾತು ಫೈಲಿಗೆ ಸೇರಲ್ಲ.

ಆಮೇಲೆ ಸುತ್ತಮುತ್ತ ಏನಿದೆ ನೋಡಿ. ಆವನಿಯ ರಾಮಲಿಂಗೇಶ್ವರ, ಕೋಲಾರದ ಸೋಮೇಶ್ವರ, ನಂದಿಯ ಭೋಗನಂದೀಶ್ವರ ಇವೆಲ್ಲ ಕೇಂದ್ರ ಪುರಾತತ್ವ ಸರ್ವೇಕ್ಷಣದ ಸುಪರ್ದಿನಲ್ಲಿವೆ. ಇಂಥ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಪಡೆದೇ ಕಟ್ಟಬೇಕು. 80 ಮೀಟರ್ ದೂರದಲ್ಲಿ ಯಾತ್ರಿ ನಿವಾಸ ಅಂತ ಬರೆದರೆ ಉಳಿದ ಪುಟಗಳನ್ನು ಯಾರೂ ಓದಲ್ಲ.

ಹಳ್ಳಿಯವರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ, ಕನ್ಸಲ್ಟೆಂಟ್ ಹಿಡಿದರಾಯ್ತು ಅಂತ ಕೆಲವರು ಹೇಳ್ತಾರೆ. ನಾನು ಒಪ್ಪಲ್ಲ. ಪಹಣಿ ನಾಡಕಚೇರಿಯಲ್ಲಿ ಸಿಗುತ್ತೆ, ಗ್ರಾಮನಕ್ಷೆ ಸರ್ವೆ ಇಲಾಖೆಯಲ್ಲಿ ಸಿಗುತ್ತೆ. ಜಮೀನು ಮಾರುವಾಗ ಅಂಗುಲ ಅಂಗುಲವೂ ಲೆಕ್ಕ ಇಡುವ ನಮ್ಮ ಜನಕ್ಕೆ ಕಲ್ಯಾಣಿಯ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ಬರೆಯೋದು ಬರಲ್ಲ ಅಂದರೆ ನಂಬೋಕಾಗಲ್ಲ.

ಇನ್ನು ಅಂದಾಜು ಪಟ್ಟಿ. ಜೀರ್ಣೋದ್ಧಾರ ಅನ್ನೋ ಒಂದು ಪದಕ್ಕೆ ಯಾವ ಎಂಜಿನಿಯರೂ ದರ ಹಾಕಲಾರ. ಅಳತೆ ಬರೀರಿ. ತಳ 12 ಮೀಟರ್ ಉದ್ದ, 12 ಅಗಲ, ಹೂಳು ಒಂದೂವರೆ ಮೀಟರ್ ಇದ್ದರೆ 216 ಘನ ಮೀಟರ್. ಅಗೆದ ಮೇಲೆ ಅದು ಇನ್ನೂ ಉಬ್ಬುತ್ತೆ. ಎಲ್ಲಿ ಸುರೀತೀರಿ, ಎಷ್ಟು ದೂರ ಸಾಗಿಸ್ತೀರಿ ಅನ್ನೋದೂ ಪಟ್ಟಿಯಲ್ಲಿರಲಿ. ಎಷ್ಟು ಮೆಟ್ಟಿಲು ಜಾರಿವೆ, ಎಷ್ಟು ಕಲ್ಲು ಕಾಣೆಯಾಗಿವೆ, ನಾಲ್ಕೂ ಗೋಡೆಗೆ ಬೇರೆ ಬೇರೆ ಎಣಿಸಿ. ಪಕ್ಕದಲ್ಲಿ ಅಳತೆಕೋಲು ಇಟ್ಟು ಫೋಟೊ ತೆಗೆಯಿರಿ, ಕೆಲಸ ನಡೆಯುವಾಗ ಮತ್ತು ಮುಗಿದ ಮೇಲೆ ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆಯಿರಿ.

ಹಾನಿಗೆ ಕಾರಣವನ್ನೂ ಬರೀಬೇಕು. ನಮ್ಮ ಹಳೇ ಕಲ್ಯಾಣಿಗಳಲ್ಲಿ ಎಷ್ಟೋ ಗಾರೆಯಿಲ್ಲದೆ ಕಟ್ಟಿದವು; ಗೋಡೆ ಹಿಂದಿರುವ ಮಣ್ಣಿನ ನೀರು ಕಲ್ಲಿನ ಸಂದಿಯಿಂದ ಒಳಕ್ಕೆ ಜಿನುಗುತ್ತೆ. ಆ ಸಂದಿಗೆ ಸಿಮೆಂಟ್ ತುಂಬಿದರೆ ನೀರಿಗೆ ದಾರಿಯಿಲ್ಲ, ಗೋಡೆ ಬೆನ್ನಿನಲ್ಲಿ ಒತ್ತಡ ಕಟ್ಟಿ ಕಲ್ಲು ಮುಂದಕ್ಕೆ ಉಬ್ಬುತ್ತೆ. ಉಳಿಸ್ತೀವಿ ಅಂತ ಹೋಗಿ ಬೀಳಿಸೋ ಕೆಲಸ ಇದು, ನೋಡಿದಾಗೆಲ್ಲ ಸಂಕಟವಾಗುತ್ತೆ. ಮೂಲದಲ್ಲಿ ಗಾರೆ ಇದ್ದ ಕಡೆ ಸುಣ್ಣದ ಗಾರೆಯನ್ನೇ ಬರೀರಿ, ಸುಣ್ಣ ಅರಳಿಸಿ ನೆನೆಸಿಡುವ ವಾರಗಳನ್ನೂ ವೇಳಾಪಟ್ಟಿಯಲ್ಲಿ ಸೇರಿಸಿ. ಇನ್ನೊಂದು ಎಚ್ಚರ: ನೀರು ತುಂಬಿದ ಕಲ್ಯಾಣಿಯನ್ನು ಪಂಪ್ ಇಟ್ಟು ಒಂದೇ ದಿನ ಬರಿದು ಮಾಡಬೇಡಿ. ಹಿಂದಿನ ಮಣ್ಣು ಇನ್ನೂ ನೆಂದೇ ಇರುತ್ತೆ, ಎದುರಿನ ನೀರಿನ ಆಸರೆ ತಪ್ಪಿದ ಗೋಡೆ ಕುಸಿಯಬಹುದು.

ಕೆಲಸಕ್ಕೆ ಒಳ್ಳೇ ಕಾಲ ಫೆಬ್ರವರಿಯಿಂದ ಮೇ. ಸರ್ಕಾರದ ಲೆಕ್ಕ ಅದರ ನಡುವೆಯೇ, ಮಾರ್ಚ್ 31ಕ್ಕೆ ಮುಗಿಯುತ್ತೆ. ಕೆಲಸವನ್ನು ಹಂತಗಳಾಗಿ ಒಡೆದು ಕೇಳಿ ಅನ್ನೋದು ಅದಕ್ಕೇ. ಮೊದಲ ಕಂತಿನ ಬಳಕೆ ಪ್ರಮಾಣಪತ್ರ ಹೋಗದೆ ಎರಡನೆಯದು ಬರೋದು ಕಷ್ಟ. ಈ ಕೆಲಸಕ್ಕೇ ಬೇರೆ ಬ್ಯಾಂಕ್ ಖಾತೆ ತೆರೆಯಿರಿ, ಪ್ರತಿ ಖರ್ಚಿಗೂ ಬಿಲ್ ಇರಲಿ. ಕಂಪನಿಗಳ ಸಿಎಸ್ಆರ್ ಹಣಕ್ಕೆ, ಅಂದರೆ ಸಮಾಜದ ಕೆಲಸಕ್ಕೆ ಅವು ತೆಗೆದಿಡುವ ದುಡ್ಡಿಗೆ, ಹೋಗುವ ಟ್ರಸ್ಟ್‌ಗಳಿಗೆ 2021ರ ಏಪ್ರಿಲ್‌ನಿಂದ ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯದಲ್ಲಿ ಸಿಎಸ್ಆರ್-1 ನೋಂದಣಿ ಕಡ್ಡಾಯ, ಅದಿಲ್ಲದೆ ಕಂಪನಿಯ ಬಾಗಿಲು ತಟ್ಟಬೇಡಿ.

ಇಷ್ಟೆಲ್ಲ ಆದಮೇಲೂ ಮೊದಲ ಪುಟ ಖಾಲಿ ಇದ್ದರೆ ಏನೂ ಆಗಲ್ಲ. ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿ, ಯಾರ ಹೆಸರಲ್ಲಿದೆ, ಮುಂದೆ ವರ್ಷಾ ವರ್ಷ ಹೂಳೆತ್ತಿ ಗಿಡ ಕೀಳೋದು ಯಾರು. ಇಷ್ಟನ್ನು ಬರೆದು, ಪಹಣಿ ಮತ್ತು ನಾಲ್ಕು ಮೂಲೆಯ ಫೋಟೊ ಸೇರಿಸಿ ಕರಡು ಕಳಿಸಿ. ಕೂತು ಓದಿ ತಿದ್ದಿಕೊಡ್ತೀನಿ. ಸ್ಥಳಪುರಾಣ ಒಂದೇ ಪುಟ ಇರಲಿ.