ಅಪ್ಪನ ಸರ್ವಿಸ್ ಬುಕ್ಕು ಮತ್ತು 1974ರ ಮೇ ತಿಂಗಳು

ತೀರಿಹೋದ ಅಪ್ಪ-ಅಮ್ಮನ ಬದುಕನ್ನು ಹಳೆಯ ಪತ್ರಿಕೆಗಳಲ್ಲಿ ಹುಡುಕಬೇಕು ಅಂತ ಇರುವವರಿಗೆ ನಾನು ಹೇಳುವುದು ಇಷ್ಟೇ: ಹೆಸರು ಆಮೇಲೆ, ಮೊದಲು ತಾರೀಖು ಹುಡುಕಿ. ನಮ್ಮ ಹಳೆಯ ಕನ್ನಡ ಪತ್ರಿಕೆಗಳಲ್ಲಿ ಹೆಸರು ಟೈಪ್ ಮಾಡಿದರೆ ಪುಟ ತೆರೆದುಕೊಳ್ಳುವುದಿಲ್ಲ. ದಪ್ಪ ಬೈಂಡ್ ಇಳಿಸಿಕೊಂಡು, ಧೂಳು ಕೊಡವಿ, ಒಂದೊಂದೇ ಹಾಳೆ ತಿರುವಬೇಕು. ಅಷ್ಟಕ್ಕೂ ದುಡಿಯುವವರ ಹೆಸರು ಪೇಪರಿನಲ್ಲಿ ಎಷ್ಟು ಸಲ ಬರುತ್ತದೆ ಹೇಳಿ?

ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದರು. ವರ್ಕ್‌ಶಾಪಿನ ಭೋಂಗಾ (ಸೈರನ್) ಆಗುವ ಮೊದಲೇ ಸೈಕಲ್ ಹತ್ತುವ ಮನುಷ್ಯ. ಕೆಲಸದ ಮಾತು ಮನೆಯಲ್ಲಿ ಆಡಿದವರೇ ಅಲ್ಲ. ಅವರ ಸರ್ವಿಸ್ ಬುಕ್ಕಿನ, ಅಂದರೆ ನೌಕರಿಯ ದಾಖಲೆ ಪುಸ್ತಕದ, ನಕಲು ಬೇಕು ಅಂತ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆ. ಶುಲ್ಕ ಬರೀ 10 ರೂಪಾಯಿ. ಮೊದಲು ಬಂದ ಉತ್ತರ, ಹಳೆಯದು ಸಿಗುವುದಿಲ್ಲ ಅಂತ. ಮೇಲ್ಮನವಿ ಹಾಕಿದ ಮೇಲೆ ಸಿಕ್ಕಿತು! ಅರ್ಜಿ ಹಾಕುವವರು ಒಂದು ಮಾತು ನೆನಪಿಡಿ: ನಿಮಗೆ ಬೇಕಾದ ಕಾಗದ ಯಾವ ಕಾಲದ್ದು, ಆಗ ಊರು ಯಾವ ರೈಲ್ವೆಯಲ್ಲಿತ್ತು ಅಂತ ಮೊದಲು ನೋಡಿಕೊಳ್ಳಿ. ಹುಬ್ಬಳ್ಳಿ ಈಗಿರುವ ನೈಋತ್ಯ ರೈಲ್ವೆ ಶುರುವಾಗಿದ್ದು 2003ರಲ್ಲಿ. 1966ರಿಂದ ಅಲ್ಲಿಯವರೆಗೆ ಹುಬ್ಬಳ್ಳಿ ಇದ್ದದ್ದು ದಕ್ಷಿಣ ಮಧ್ಯ ರೈಲ್ವೆಯಲ್ಲಿ, ಅದರ ಕೇಂದ್ರ ಕಚೇರಿ ಸಿಕಂದರಾಬಾದ್. ಅದಕ್ಕೂ ಮೊದಲು ದಕ್ಷಿಣ ರೈಲ್ವೆ. ಜಿಲ್ಲೆಗಳ ಕಥೆಯೂ ಹಾಗೆಯೇ. ಅಪ್ಪನ ಊರು ರೋಣದ ಹತ್ತಿರ. ಈಗ ಅದು ಗದಗ ಜಿಲ್ಲೆ, 1997ರವರೆಗೆ ಧಾರವಾಡ ಜಿಲ್ಲೆ, 1956ಕ್ಕಿಂತ ಮೊದಲು ಮುಂಬಯಿ ರಾಜ್ಯ.

ಆ ಬುಕ್ಕಿನ ಒಂದು ಪುಟದಲ್ಲಿ, ಯಾರೋ ಕ್ಲಾರ್ಕಿನ ಓರೆ ಇಂಗ್ಲಿಷ್ ಅಕ್ಷರದಲ್ಲಿ, ಒಂದು ಸಾಲು: 8-5-74ರಿಂದ ಗೈರುಹಾಜರಿ, ಬ್ರೇಕ್ ಇನ್ ಸರ್ವಿಸ್. ಅಂದರೆ ಅಲ್ಲಿಯವರೆಗಿನ ಸೇವೆ ಲೆಕ್ಕಕ್ಕಿಲ್ಲ ಅಂತ. ಪಕ್ಕದಲ್ಲಿ ರಬ್ಬರ್ ಸ್ಟ್ಯಾಂಪು, ಅರ್ಧ ಅಳಿಸಿದ ಸಹಿ. ತಾರೀಖು ನೋಡಿದ ಕೂಡಲೇ ಗೊತ್ತಾಯಿತು. ಜಾರ್ಜ್ ಫರ್ನಾಂಡಿಸ್ ಮುಂದಾಳಾಗಿದ್ದ ರೈಲ್ವೆ ಮುಷ್ಕರ ಶುರುವಾದದ್ದು ಅವತ್ತೇ.

ಧಾರವಾಡದ ಒಂದು ಗ್ರಂಥಾಲಯದಲ್ಲಿ ಆ ತಿಂಗಳ ಸಂಯುಕ್ತ ಕರ್ನಾಟಕ ತೆಗೆಸಿ ಓದಿದೆ. ಅಪ್ಪನ ಹೆಸರು ಎಲ್ಲೂ ಇಲ್ಲ. ಆದರೆ ಅವರು ಬದುಕಿದ ಆ ದಿನಗಳು ಅಲ್ಲಿದ್ದವು. ಬೋನಸ್ಸಿನ ಬೇಡಿಕೆ, ರೈಲು ಓಡಿಸುವವರಿಗೆ ಎಂಟು ತಾಸಿನ ಕೆಲಸದ ಬೇಡಿಕೆ, ದೇಶದ ತುಂಬ ಬಂಧನಗಳು. ಪಕ್ಕದಲ್ಲೇ ಹತ್ತಿ, ಮೆಣಸಿನಕಾಯಿ ಧಾರಣೆ. 18ನೇ ತಾರೀಖು ಪೋಖ್ರಾನಿನಲ್ಲಿ ಅಣುಸ್ಫೋಟ ಆಯಿತಲ್ಲ, ಆಮೇಲೆ ಮುಷ್ಕರದ ಸುದ್ದಿ ಸಣ್ಣದಾಗುತ್ತ ಹೋಗುತ್ತದೆ. ತಿಂಗಳ ಕೊನೆಗೆ ಏನೂ ಗಿಟ್ಟದೆ ಮುಷ್ಕರ ಹಿಂದಕ್ಕೆ ತಗೊಂಡರು.

ನಾನಾಗ ಮೂರನೇ ಇಯತ್ತೆ ಮುಗಿಸಿದ್ದೆ. ಆ ಬೇಸಿಗೆ ಸೂಟಿಯಲ್ಲಿ ಅಪ್ಪನೂ ನಮ್ಮ ಜೊತೆ ಊರಲ್ಲೇ ಇದ್ದರು. ಹೊಲದ ಗುಡಿಸಲಲ್ಲೇ ಮಲಗುತ್ತಿದ್ದರು. ರಜೆ ಸಿಕ್ಕಿದೆ ಅಂತ ನಾವು ಮಕ್ಕಳು ಕುಣಿದಾಡಿದ್ದೆವು. ಅವ್ವ ಮಾತ್ರ ಅಂಗಡಿಯ ಉದ್ರಿ ಲೆಕ್ಕ ಮತ್ತೆ ಮತ್ತೆ ಎಣಿಸುತ್ತಿದ್ದಳು. ಪೊಲೀಸರು ಮನೆಗೆ ಬಂದು ಡ್ಯೂಟಿಗೆ ಎಳೆದೊಯ್ಯುತ್ತಾರೆ ಅಂತ ಆಗ ಎಷ್ಟೋ ನೌಕರರು ಊರು ಬಿಟ್ಟಿದ್ದರು. ಅಪ್ಪನೂ ಅವರಲ್ಲೊಬ್ಬರು.

ಅದೇ ಪುಟದ ಕೆಳಗೆ, ಬೇರೆ ಶಾಯಿಯಲ್ಲಿ, 1977ರ ಇನ್ನೊಂದು ಸಾಲಿದೆ. ಜನತಾ ಸರಕಾರ ಬಂತು, ಮಧು ದಂಡವತೆ ರೈಲ್ವೆ ಮಂತ್ರಿ ಆದರು, ಮುಷ್ಕರ ಮಾಡಿದವರ ಸೇವೆ ಮತ್ತೆ ಕೂಡಿಕೊಂಡಿತು. ನಡುವಿನ ಮೂರು ವರ್ಷ ಅಪ್ಪ ಹಿಂದಿನ ಸೇವೆಯನ್ನೆಲ್ಲ ಕಳೆದುಕೊಂಡ ನೌಕರರಾಗಿ ದುಡಿದರು. ಇದು ಅನ್ಯಾಯ. ಐವತ್ತು ವರ್ಷ ಆಯಿತು ಅಂತ ಅದು ನ್ಯಾಯ ಆಗಿಬಿಡುವುದಿಲ್ಲ. ರೈಲ್ವೆಯವರಿಗೆ ಬೋನಸ್ ಸಿಕ್ಕಿದ್ದು 1979-80ರಿಂದ. ದಸರೆಗೆ ಆ ದುಡ್ಡಿನಲ್ಲಿ ಅಪ್ಪ ನಮಗೆ ಹೊಸ ಬಟ್ಟೆ ತರುತ್ತಿದ್ದರು. ಅದಕ್ಕೆ ಅವರು ಎಷ್ಟು ಬೆಲೆ ಕೊಟ್ಟಿದ್ದರು ಅಂತ ನಮಗೆ ಹೇಳಲೇ ಇಲ್ಲ.

ಇಂಥ ಕಾಗದಗಳನ್ನು ನಾವು ಸುಮ್ನೆ ರದ್ದಿಗೆ ಹಾಕುತ್ತಿದ್ದೇವೆ. ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕಚೇರಿಗಳು ಇಡುವುದಿಲ್ಲ, ಮನೆಯವರು ನೋಡುವುದಿಲ್ಲ. ಹುಬ್ಬಳ್ಳಿಯ ಗದಗ ರಸ್ತೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವರು ಇದನ್ನು ಓದುವವರಲ್ಲಿ ಜಾಸ್ತಿ ಜನ ಇದ್ದೀರಿ. ನಿಮ್ಮ ಮನೆಯ ಟ್ರಂಕಿನಲ್ಲಿ 1974ರ ಯೂನಿಯನ್ ಕರಪತ್ರ, ನೋಟಿಸು, ಫೋಟೋ ಏನಾದರೂ ಇದ್ದರೆ ದಯವಿಟ್ಟು ಬಿಸಾಕಬೇಡಿ. ನನಗೊಂದು ಮೆಸೇಜ್ ಹಾಕಿ. ನಾನೇ ಬಂದು ನಿಮ್ಮೆದುರೇ ಸ್ಕ್ಯಾನ್ ಮಾಡಿಕೊಂಡು ವಾಪಸ್ ಕೊಡುತ್ತೇನೆ.