ರಿಜಿಸ್ಟರಿನ ಕೊನೆಯ ಕಾಲಂ

ಇವತ್ತು ನಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ಹೆಂಗಸರ ತಪಾಸಣೆ ಶಿಬಿರ ಇತ್ತು. ಬೇಲೂರಿನ ಈ ಕಡೆ ಇಂಥ ಶಿಬಿರ ಆಗೋದೇ ಅಪರೂಪ. ಸಂಘದಿಂದ ನಾವೇ ಮನೆ ಮನೆಗೆ ಹೋಗಿ ಕರೆದಿದ್ದೆವು. ಮನೆಗೆ ಬಂದು ಎರಡು ಗಂಟೆಯಾಯಿತು, ಸಿಟ್ಟು ಇನ್ನೂ ಇಳಿದಿಲ್ಲ.

ಸಂಜೆ ಸಿಸ್ಟರ್ ರಿಜಿಸ್ಟರ್ ತೋರಿಸಿದರು. ಸ್ಕೇಲ್ ಇಟ್ಟು ಗೆರೆ ಎಳೆದ ಪುಟ. 30 ದಾಟಿದ 43 ಹೆಂಗಸರ ಹೆಸರು. ವಯಸ್ಸು, ಬಿಪಿ, ಶುಗರ್ ಎಲ್ಲ ತುಂಬಿದೆ. ಕೊನೆಯ ಕಾಲಂ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಪರೀಕ್ಷೆಯದು. ಅದರಲ್ಲಿ ನಾಲ್ಕೇ ಟಿಕ್. ಬಿಪಿಗೆ ಕೈ ಚಾಚಿದವರು ಪರದೆ ಕಂಡ ಕೂಡಲೇ ಚಪ್ಪಲಿ ಹುಡುಕಿದರು. "ನಂಗೇನೂ ತೊಂದ್ರೆ ಇಲ್ಲ ಕಣಕ್ಕ, ಸುಮ್ನೆ ಯಾಕೆ?"

ಈ ಮಾತನ್ನೇ ನನಗೆ ತಡೆಯೋಕೆ ಆಗುವುದಿಲ್ಲ. ತೊಂದರೆ ಇಲ್ಲದಾಗಲೇ ಅಲ್ವಾ ಇದನ್ನು ಮಾಡಿಸಬೇಕಾದ್ದು? ಎಚ್‌ಪಿವಿ ಅನ್ನುವ ವೈರಸ್ಸಿನಿಂದ ಈ ಕ್ಯಾನ್ಸರ್ ಬರುತ್ತದೆ. ಬಹಳ ಜನರಿಗೆ ಆ ವೈರಸ್ ಬಂದು ತಾನೇ ಹೋಗಿಬಿಡುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಳ್ಳುತ್ತದೆ. ಅದು ಕ್ಯಾನ್ಸರ್ ಆಗಿ ಬೆಳೆಯಲು ಸಾಮಾನ್ಯವಾಗಿ 15-20 ವರ್ಷ ಬೇಕು. ಅಷ್ಟು ಕಾಲ ನೋವಿಲ್ಲ, ಏನೂ ಇಲ್ಲ.

ಪರೀಕ್ಷೆಯಾದರೂ ಎಷ್ಟು ಹೊತ್ತಿನದು? ವಿನೆಗರ್‌ನಲ್ಲಿರುವ ಹುಳಿಯನ್ನೇ ನೀರಿಗೆ ಬೆರೆಸಿ, ಹತ್ತಿಯಲ್ಲಿ ಅದ್ದಿ ಹಚ್ಚುತ್ತಾರೆ. ಒಂದು ನಿಮಿಷ ಕಾಯುತ್ತಾರೆ. ಅನುಮಾನದ ಜಾಗ ಇದ್ದರೆ ಬೆಳ್ಳಗೆ ಕಾಣುತ್ತದೆ. ಬೆಳ್ಳಗಾದರೆ ಕ್ಯಾನ್ಸರ್ ಅಂತಲೂ ಅಲ್ಲ. ಆ ಹಂತದಲ್ಲಿ ಹೆಪ್ಪುಗಟ್ಟಿಸಿಯೋ ಬಿಸಿ ಕೊಟ್ಟೋ ಅಷ್ಟು ಜಾಗ ನಾಶ ಮಾಡಿ, ಅವತ್ತೇ ಮನೆಗೆ ಕಳಿಸುತ್ತಾರೆ.

ನಮ್ಮ ಚಿಕ್ಕಮ್ಮನಿಗೆ ಮುಟ್ಟು ನಿಂತು ಆರು ವರ್ಷವಾಗಿತ್ತು. ಒಂದು ದಿನ ಅವರ ಹಿತ್ತಿಲಿಗೆ ಹೋದಾಗ, ತಂತಿಯ ಮೇಲೆ ಹಳೇ ಸೀರೆಯ ಅಡಿಯಲ್ಲಿ ಬಟ್ಟೆ ತುಂಡುಗಳು ಒಣಗುತ್ತಿದ್ದವು. ಒಗೆದರೂ ಕಂದು ಕಲೆ ಹೋಗಿರಲಿಲ್ಲ. ನನಗೆ ಅರ್ಥವಾಯಿತು. ಆದರೂ ನಾನು ಕೇಳಲಿಲ್ಲ. ಹೇಗೆ ಕೇಳುವುದು ಅಂತ ಸುಮ್ಮನೆ ಬಂದೆ. ಎಂಟು ತಿಂಗಳಾದ ಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಕರೆಂಟ್ (ರೇಡಿಯೇಷನ್) ಕೊಡಿಸಿದೆವು. ಆಗ ತಡವಾಗಿತ್ತು. ಅವರಿಗೆ ನಾಚಿಕೆ, ನನಗೂ ನಾಚಿಕೆ. ಇಬ್ಬರೂ ಸೇರಿ ಎಂಟು ತಿಂಗಳು ಕಳೆದೆವು. ಅವರು ಹೋದ ಮೇಲೆ, 38ನೇ ವಯಸ್ಸಿನಲ್ಲಿ, ನಾನು ಮೊದಲ ಸಲ ಪರೀಕ್ಷೆ ಮಾಡಿಸಿದ್ದು.

2022ರ ಒಂದೇ ವರ್ಷ ದೇಶದಲ್ಲಿ ಸುಮಾರು 80 ಸಾವಿರ ಹೆಂಗಸರು ಇದೇ ಕಾಯಿಲೆಯಿಂದ ಹೋದರು ಅಂತ ಅಂದಾಜು. 30ರಿಂದ 49ರ ಹೆಂಗಸರಲ್ಲಿ ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಇದು.

ಕಾಫಿ ಕೊಯ್ಲಿನ ಸಮಯ, ಕೂಲಿ ಬಿಟ್ಟು ಬರೋದು ಕಷ್ಟ ಅಂತ ಒಬ್ಬರು ಹೇಳಿದರು. ಕಷ್ಟವೇ, ಒಪ್ಪುತ್ತೇನೆ. ಆದರೆ ಈ 39 ಜನ ಕೂಲಿ ಬಿಟ್ಟೇ ಬಂದಿದ್ದರಲ್ಲ! ಅರ್ಧ ದಿನ ಬೆಂಚಿನ ಮೇಲೆ ಕೂತಿದ್ದರು. ಪರದೆಯ ಒಳಗೆ ಗಂಡಸರು ಯಾರೂ ಇರಲಿಲ್ಲ, ಸಿಸ್ಟರ್ ಒಬ್ಬರೇ. ಮತ್ತೇನು ಅಡ್ಡಿ?

ಎಚ್‌ಪಿವಿ ಲಸಿಕೆಯ ಮಾತೆತ್ತಿದರೆ ಇನ್ನೂ ಬೇಜಾರು. "ಹನ್ನೆರಡು ವರ್ಷದ ಹುಡುಗಿಗೆ ಇದೆಲ್ಲ ಯಾಕೆ, ಜನ ಏನಂದಾರು?" ಅಂದರು ಒಬ್ಬ ತಾಯಿ. ಅದೇ ಮಗುವನ್ನು ಪೋಲಿಯೋ ಹನಿಗೆ ಎತ್ತಿಕೊಂಡು ಓಡಿ ಬಂದಿದ್ದ ತಾಯಿ! ಲಸಿಕೆ ವೈರಸ್ ಬರದ ಹಾಗೆ ತಡೆಯುತ್ತದೆ, ಬಂದದ್ದನ್ನು ಓಡಿಸುವುದಿಲ್ಲ. ಅದಕ್ಕೇ 9ರಿಂದ 14 ವರ್ಷದೊಳಗೆ ಹಾಕಿಸಿ ಅನ್ನುವುದು. ಸಿಕ್ಕಿಂನಲ್ಲಿ 2018ರಲ್ಲೇ ಹುಡುಗಿಯರಿಗೆ ಹಾಕಿದರು. ಲಸಿಕೆ ಎಲ್ಲ ಬಗೆಯ ವೈರಸ್ಸನ್ನೂ ತಡೆಯುವುದಿಲ್ಲ, ಹಾಗಾಗಿ ಹಾಕಿಸಿಕೊಂಡವರೂ 30 ದಾಟಿದ ಮೇಲೆ ಪರೀಕ್ಷೆ ಬಿಡುವಂತಿಲ್ಲ.

ಗುರುವಾರ ಮತ್ತೆ ಇರುತ್ತೇನೆ, ಕರೆದುಕೊಂಡು ಬನ್ನಿ ಅಂದಿದ್ದಾರೆ ಸಿಸ್ಟರ್. ನಾಳೆ ಬೆಳಿಗ್ಗೆ ಮೊದಲು ನಮ್ಮ ಅತ್ತಿಗೆ ಮನೆಗೆ ಹೋಗುತ್ತೇನೆ. ಇವತ್ತು ಚಪ್ಪಲಿ ಮೆಟ್ಟಿಕೊಂಡು ಹೊರಟವರಲ್ಲಿ ಅವರೂ ಒಬ್ಬರು.