ಮೇಷ್ಟ್ರ ಕಂಪ್ಯೂಟರಿನಲ್ಲಿ ಇನ್ನೂ ಓಪನ್ ಆಫೀಸ್

ಹೋದ ತಿಂಗಳು ಊರಿಗೆ ಹೋದಾಗ ನಾನು ಓದಿದ ಹೈಸ್ಕೂಲಿಗೆ ಹೋಗಿದ್ದೆ. ನಮ್ಮ ಕನ್ನಡ ಮೇಷ್ಟ್ರು ಕಂಪ್ಯೂಟರ್ ಮುಂದೆ ಕೂತು ಒದ್ದಾಡುತ್ತಿದ್ದರು. ವರದಿಯನ್ನು ಡಾಕ್‌ಎಕ್ಸ್ (ಮೈಕ್ರೋಸಾಫ್ಟ್ ವರ್ಡ್) ಫೈಲಿನಲ್ಲೇ ಕಳಿಸಿ ಎಂದು ಮೇಲಿನಿಂದ ಹೇಳಿದ್ದರಂತೆ.

"ನೋಡಪ್ಪಾ, ಅವರು ಕಳಿಸಿದ ಫೈಲು ಇದ್ರಲ್ಲಿ ಓಪನ್ ಆಗುತ್ತೆ. ವಾಪಸ್ ಹಂಗೇ ಸೇವ್ ಮಾಡೋಣ ಅಂದ್ರೆ ಆ ಹೆಸರೇ ಪಟ್ಟಿಯಲ್ಲಿಲ್ಲ" ಅಂದರು.

ಬಗ್ಗಿ ನೋಡಿದೆ. ಓಪನ್ ಆಫೀಸ್, ಪತ್ರ, ವರದಿ, ಲೆಕ್ಕ ಮಾಡಿಕೊಳ್ಳುವ ಉಚಿತ ತಂತ್ರಾಂಶ. 2011ರಲ್ಲಿ ಅದನ್ನು ಆ ಶಾಲೆಯಲ್ಲಿ ಹಾಕಿಕೊಟ್ಟವನು ನಾನೇ. ಆಮೇಲೆ ಕಂಪ್ಯೂಟರ್ ಎರಡು ಸಲ ಬದಲಾಗಿದೆ. ಎರಡು ಸಲವೂ ಮೇಷ್ಟ್ರು ನಾನು ಹೇಳಿಕೊಟ್ಟ ಹೆಸರನ್ನೇ ನೆಟ್‌ನಲ್ಲಿ ಹುಡುಕಿ, ಅದನ್ನೇ ಇಳಿಸಿಕೊಂಡು ಹಾಕಿಸಿದ್ದಾರೆ. ಅವರದು ಏನೂ ತಪ್ಪಿಲ್ಲ. ಈ ನಡುವೆ ಕೆಲಸವೆಲ್ಲ ಬೇರೆ ಮನೆಗೆ ಹೋಗಿದೆ ಎಂದು ಅವರಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅದು ನನಗೆ ಇನ್ನೂ ಚುಚ್ಚುತ್ತಿದೆ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿಂದಿನ ಕಥೆ. ಸನ್ ಕಂಪನಿ 1999ರಲ್ಲಿ ಸ್ಟಾರ್ ಆಫೀಸ್ ಎಂಬ ಜರ್ಮನ್ ತಂತ್ರಾಂಶವನ್ನು ಕೊಂಡು, 2000ದಲ್ಲಿ ಅದರ ಸೋರ್ಸ್ ಕೋಡನ್ನು (ತಂತ್ರಾಂಶದ ಮೂಲ ಬರಹವನ್ನು) ಎಲ್ಲರಿಗೂ ಬಿಟ್ಟುಕೊಟ್ಟಿತು. ಅದೇ ಓಪನ್ ಆಫೀಸ್ ಆಯಿತು. 2010ರಲ್ಲಿ ಒರಾಕಲ್ ಕಂಪನಿ ಸನ್ ಅನ್ನೇ ಕೊಂಡಿತು. ಮುಂದೇನೋ ಎಂಬ ಆತಂಕದಿಂದ ಅದೇ ವರ್ಷ ಸೆಪ್ಟೆಂಬರಿನಲ್ಲಿ ಡೆವಲಪರ್‌ಗಳ ಒಂದು ದೊಡ್ಡ ಗುಂಪು ಕೋಡಿನ ಪ್ರತಿ ತೆಗೆದುಕೊಂಡು ಹೊರಟುಬಿಟ್ಟಿತು. ಡಾಕ್ಯುಮೆಂಟ್ ಫೌಂಡೇಶನ್ ಕಟ್ಟಿಕೊಂಡು ಲಿಬ್ರೆ ಆಫೀಸ್ ಶುರುಮಾಡಿತು. ಮರುವರ್ಷ ಒರಾಕಲ್ ಹಳೆಯದನ್ನು, ಮುಕ್ತ ತಂತ್ರಾಂಶಗಳನ್ನು ನೋಡಿಕೊಳ್ಳುವ ಅಪಾಚೆ ಸಂಸ್ಥೆಗೆ ಕೊಟ್ಟಿತು. ಹೆಸರು ಅಪಾಚೆಗೆ ಸಿಕ್ಕಿತು. ಕೆಲಸ ಮಾಡುವ ಕೈಗಳು ಬಹುಪಾಲು ಲಿಬ್ರೆ ಆಫೀಸಿನಲ್ಲಿ ಉಳಿದವು.

ಓಪನ್ ಆಫೀಸ್ 4.1 ಬಂದಿದ್ದು 2014ರಲ್ಲಿ. ಆಮೇಲೆ ಬಂದವೆಲ್ಲ ಅದರ ಸಣ್ಣ ಸಣ್ಣ ರಿಪೇರಿಗಳು. ಅದರ ಹಿಂದಿರುವ ಕೆಲವೇ ಸ್ವಯಂಸೇವಕರು ಬಿಡುವಿನ ವೇಳೆಯಲ್ಲಿ, ಕಾಸಿಲ್ಲದೆ ಮಾಡುವ ಕೆಲಸ ಅದು. ಅವರ ಬಗ್ಗೆ ಹಗುರವಾಗಿ ಮಾತಾಡುವುದು ನನಗೆ ಇಷ್ಟವಿಲ್ಲ. ನಿಲ್ಲಿಸಿ ಅಂತ ಅವರಿಗೆ ಹೇಳಲು ನಾನ್ಯಾರು?

ಆದರೆ 2016 ಮರೆಯುವಂಥದ್ದಲ್ಲ. ಆ ಜುಲೈನಲ್ಲಿ ಒಂದು ಭದ್ರತಾ ದೋಷ ಹೊರಬಿತ್ತು. ಬೇಕೆಂದೇ ಕೆಡಿಸಿಟ್ಟ ಪ್ರೆಸೆಂಟೇಶನ್ ಫೈಲ್ ಒಂದನ್ನು ತೆರೆದರೆ ಸಾಕು, ಕಂಪ್ಯೂಟರಿಗೆ ಅಪಾಯ. ಸರಿಪಡಿಸಿದ 4.1.3 ಆವೃತ್ತಿ ಬರುವಷ್ಟರಲ್ಲಿ ಅಕ್ಟೋಬರ್ ಆಗಿತ್ತು. ನಡುವೆ ಒಂದು ತೇಪೆ ಕೊಟ್ಟಿದ್ದರು, ನಿಜ. ಅದನ್ನು ತಾನೇ ಹುಡುಕಿ ಹಾಕಿಕೊಳ್ಳುವ ಶಾಲಾ ಮೇಷ್ಟ್ರು ಎಲ್ಲಿದ್ದಾರೆ ಹೇಳಿ? ಆ ಸೆಪ್ಟೆಂಬರಿನಲ್ಲಿ ಯೋಜನೆಯ ಆಗಿನ ಮುಖ್ಯಸ್ಥ ಡೆನ್ನಿಸ್ ಹ್ಯಾಮಿಲ್ಟನ್ ಅವರೇ ಮುಂದೆ ಬಂದು, ಇದನ್ನು ನಿಲ್ಲಿಸಬೇಕಾಗಿ ಬಂದರೆ ಹೇಗೆ ನಿಲ್ಲಿಸುವುದು ಎಂಬ ಚರ್ಚೆ ಎತ್ತಿದರು. ಅದಕ್ಕೆ ಧೈರ್ಯ ಬೇಕು. ಕೊನೆಗೆ ಮುಂದುವರಿಸುವುದು ಎಂದೇ ಆಯಿತು. 2020ರ ಅಕ್ಟೋಬರಿನಲ್ಲಿ, ಓಪನ್ ಆಫೀಸಿಗೆ 20 ತುಂಬಿದಾಗ, ಲಿಬ್ರೆ ಆಫೀಸಿನವರು ಅಪಾಚೆಯವರಿಗೆ ಬಹಿರಂಗ ಪತ್ರ ಬರೆದರು. ನಿಮ್ಮಲ್ಲಿಗೆ ಬರುವ ಜನರಿಗೆ ನಮ್ಮ ವಿಷಯವನ್ನೂ ತಿಳಿಸಿ ಎಂಬುದು ಅದರ ಸಾರ.

ನನಗೆ ಆ ಪತ್ರ ಸರಿ ಅನಿಸಿತು. ಈಗಲೂ ಅನಿಸುತ್ತದೆ. ಹಳೆಯದನ್ನು ನಡೆಸುವ ಸ್ವಾತಂತ್ರ್ಯ ಅಪಾಚೆಯವರದೇ. ಆದರೆ ಹೆಸರು ಕೋಡಿನ ಹಾಗಲ್ಲ. ಕೋಡನ್ನು ಯಾರು ಬೇಕಾದರೂ ಪ್ರತಿ ಮಾಡಿಕೊಳ್ಳಬಹುದು. ಜನ ನಂಬಿ ಹುಡುಕಿಕೊಂಡು ಬರುವ ಹೆಸರು ಒಂದೇ ಕಡೆ ಇರುತ್ತದೆ. ಆ ಹೆಸರನ್ನು ಇಟ್ಟುಕೊಂಡವರು, ರಿಪೇರಿಗೆ ಕೈ ಸಾಲುತ್ತಿಲ್ಲ ಎಂದಾದರೆ, ಬಂದವರಿಗೆ ಆ ಕಡೆ ಹೋಗಿ ಎಂದು ದಾರಿ ತೋರಿಸಬೇಕು. ಡೌನ್‌ಲೋಡ್ ಬಟನ್ ಪಕ್ಕದಲ್ಲಿ ಎರಡು ಸಾಲು ಬರೆದರೆ ಸಾಕಿತ್ತು, ಅಲ್ವಾ?

ಲೈಸೆನ್ಸ್, ಅಂದರೆ ಕೋಡನ್ನು ಬೇರೆಯವರು ಹೇಗೆ ಬಳಸಬಹುದು ಎಂಬ ಷರತ್ತಿನ ವಿಷಯವೂ ಇದೆ. ಅಪಾಚೆ ಲೈಸೆನ್ಸ್ ಇರುವ ಕೋಡನ್ನು ಲಿಬ್ರೆ ಆಫೀಸ್ ತೆಗೆದುಕೊಳ್ಳಬಹುದು. ಲಿಬ್ರೆ ಆಫೀಸಿನ ಕೋಡನ್ನು ಅಪಾಚೆಯವರು ತಮ್ಮದಕ್ಕೆ ಸೇರಿಸಿಕೊಳ್ಳುವಂತಿಲ್ಲ. ನೀರು ಒಂದೇ ಕಡೆಗೆ ಹರಿಯುವ ಕಾಲುವೆ ಇದ್ದ ಹಾಗೆ. ಹಾಗಾಗಿ ಇಬ್ಬರ ನಡುವಿನ ಅಂತರ ವರ್ಷದಿಂದ ವರ್ಷಕ್ಕೆ ಜಾಸ್ತಿಯೇ ಆಗುತ್ತದೆ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಈ ಅಂತರ ಕಣ್ಣಿಗೇ ಕಾಣುತ್ತದೆ. ಲಿಬ್ರೆ ಆಫೀಸ್ 2017ರ 5.3 ಆವೃತ್ತಿಯಲ್ಲಿ ಅಕ್ಷರ ಜೋಡಿಸುವ ಕೆಲಸವನ್ನು ಎಲ್ಲಾ ಕಡೆ ಹಾರ್ಫ್‌ಬಜ್ ಎಂಜಿನ್ನಿಗೆ ಒಪ್ಪಿಸಿತು. ಅದಕ್ಕೂ ಮೊದಲು ವಿಂಡೋಸ್‌ಗೆ ಒಂದು, ಲಿನಕ್ಸ್‌ಗೆ ಇನ್ನೊಂದು ವ್ಯವಸ್ಥೆ ಇತ್ತು. ಮನೆಯ ಲಿನಕ್ಸ್‌ನಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಯನ್ನು ಶಾಲೆಯ ವಿಂಡೋಸ್‌ನಲ್ಲಿ ತೆಗೆದರೆ ಸಾಲುಗಳು ಜರುಗಿ, ಕೊನೆಯ ಪ್ರಶ್ನೆ ಮುಂದಿನ ಪುಟಕ್ಕೆ ಬೀಳುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಒತ್ತಕ್ಷರ, ಅರ್ಕಾವತ್ತು ಇರುವ ಭಾಷೆಗೆ ಇದು ಸಣ್ಣ ವಿಷಯವಲ್ಲ.

ಇನ್ನು ಹಳೆಯ ತಂತ್ರಾಂಶ ಬಿಟ್ಟು ಹೊಸದಕ್ಕೆ ಹೋಗಿ ಎನ್ನುವ ನಮ್ಮವರಿಗೂ ಒಂದು ಮಾತು. "ಸುಮ್ನೆ ಲಿಬ್ರೆ ಹಾಕ್ಕೊಳ್ಳಿ" ಅಂದರೆ ಕೆಲಸ ಮುಗಿಯುವುದಿಲ್ಲ. ಹತ್ತು ವರ್ಷದ ಕೈ ರೂಢಿ ಇರುತ್ತದೆ. ಮಾಡಿಟ್ಟ ನಮೂನೆಗಳು ಇರುತ್ತವೆ. ಇದ್ದಕ್ಕಿದ್ದಂತೆ ಐಕಾನ್ ಬದಲಾದರೆ ಫೈಲುಗಳೇ ಹೋದವು ಅಂತ ಗಾಬರಿಯಾಗುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನೇ ನೋಡಿ. ಅದರ 3ನೇ ಆವೃತ್ತಿ ಬಂದಿದ್ದು 2008ರಲ್ಲಿ. ಪೈಥಾನ್ 2ಕ್ಕೆ 2015 ಕೊನೆ ಎಂದಿದ್ದವರು, ಜನ ಇನ್ನೂ ದಾಟಿಲ್ಲ ಎಂದು ಕಂಡು 2020ರವರೆಗೆ ಗಡುವು ಕೊಟ್ಟರು. ಪ್ರೋಗ್ರಾಮರ್‌ಗಳಿಗೇ ಅಷ್ಟು ಕಾಲ ಬೇಕಾಯಿತು. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಹಳೆಯ ಫಾಂಟಿನಿಂದ, ಎಲ್ಲಾ ಕಡೆ ಓದಬಹುದಾದ ಯೂನಿಕೋಡಿಗೆ ನಾವು ದಾಟಿದ್ದನ್ನೇ ನೆನಪಿಸಿಕೊಳ್ಳಿ. ಹಳೆಯ ಬರಹವನ್ನು ಹೊಸದಕ್ಕೆ ತಿರುಗಿಸುವ ಕನ್ವರ್ಟರ್ ಕೈಗೆ ಸಿಕ್ಕ ಮೇಲೇ ಜನರಿಗೆ ಧೈರ್ಯ ಬಂದಿದ್ದು.

ಇಲ್ಲಿ ಅಷ್ಟು ಕಷ್ಟವೂ ಇಲ್ಲ. ಎರಡೂ ತಂತ್ರಾಂಶಗಳದ್ದು ಒಂದೇ ಓಡಿಎಫ್ ಫೈಲು. 2006ರಿಂದ ಅದು ಐಎಸ್ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಒಪ್ಪಿದ ಮಾನಕ. ಹಳೆಯ ಫೈಲುಗಳು ಹಾಗೇ ತೆರೆಯುತ್ತವೆ.

ಶನಿವಾರ ಮಧ್ಯಾಹ್ನ ಮಕ್ಕಳು ಹೋದ ಮೇಲೆ ಮೇಷ್ಟ್ರ ಜೊತೆ ಕೂತೆ. ಮೊದಲು ಅವರ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿದೆ. ಓಪನ್ ಆಫೀಸನ್ನು ತೆಗೆಯಲಿಲ್ಲ. ಪಕ್ಕದಲ್ಲೇ ಲಿಬ್ರೆ ಆಫೀಸ್ ಹಾಕಿ, ಅವರು ದಿನವೂ ಬಳಸುವ ಟಿಸಿ ನಮೂನೆಯನ್ನು ಅದರಲ್ಲಿ ತೆಗೆದು ತೋರಿಸಿದೆ. ಒಂದು ಪ್ರಿಂಟ್ ತೆಗೆದು ಹಳೆಯದರ ಪಕ್ಕ ಇಟ್ಟು, ಕನ್ನಡಕ ಏರಿಸಿ ಸಾಲು ಸಾಲಾಗಿ ನೋಡಿದರು. ಆಮೇಲೆ ವರದಿಯನ್ನು ಡಾಕ್‌ಎಕ್ಸ್‌ನಲ್ಲಿ ಸೇವ್ ಮಾಡಿ, ತಾವೇ ಮೇಲ್ ಕಳಿಸಿದರು.

"ಹಳೇದು ಒಂದು ತಿಂಗಳು ಹಂಗೇ ಇರ್ಲಿ ಕಣಪ್ಪಾ" ಅಂದರು. ಇರಲಿ ಸಾರ್, ನೀವೇ ಬೇಡ ಅಂದ ದಿನ ಬಂದು ತೆಗೀತೀನಿ ಅಂದೆ.

ಪಕ್ಕದ ಎರಡು ಶಾಲೆಗಳಲ್ಲೂ ಇದೇ ಕಥೆಯಂತೆ. ದಸರಾ ರಜೆಗೆ ಹೋದಾಗ ಅಲ್ಲೂ ಕೂರುವವನಿದ್ದೇನೆ. ಆ ಕಡೆಯವರು ಯಾರಾದರೂ ಜೊತೆಗೆ ಬರುವುದಾದರೆ ಮೆಸೇಜ್ ಮಾಡಿ.